ಡ್ರೈವರ್ ಬೀಸಿದ ಕೈ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದ ಮೇಲಾಯಿತು, ನನ್ನದು ಇನ್‌ಸ್ಪೆಕ್ಷನ್ ಕೆಲಸ. ಲೇತ್ ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಸಹಿ ಹಾಕಬೇಕು. ‘ಆಪರೇಟರೇ ನೋಡಿದಾರೆ ಸಾರ್, ಸೈನ್ ಹಾಕ್ಬಿಡಿ’ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಬೇರೆಯವರ ಕಣ್ಣು ನಂಬಿ ಸಹಿ ಹಾಕುವವನು ನಾನಲ್ಲ ಎಂದು ಎಲ್ಲರೆದುರೇ ಮಂಗಳಾರತಿ ಮಾಡುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ದಿನಾ ಬೆಳಗ್ಗೆ ರಾಜಗೋಪಾಲನಗರದಿಂದ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಡುತ್ತೇನೆ. ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ. ನಮ್ಮ ಅಡ್ಡರಸ್ತೆ ದೊಡ್ಡ ರಸ್ತೆಗೆ ಸೇರುವಲ್ಲಿ ಸಿಗ್ನಲ್ ಇಲ್ಲ. ಆಚೆ ಬದಿಗೆ ಹೋಗಬೇಕಾದರೆ ಯಾರಾದರೂ ಪುಣ್ಯಾತ್ಮ ಬಸ್ಸು ನಿಲ್ಲಿಸಿ, ಹೋಗಿ ಎಂದು ಕೈ ಬೀಸಬೇಕು. ಅದೇ ಅಲ್ಲಿಯ ಪದ್ಧತಿ. ಕೈ ಬೀಸಿದ್ದೇ ತಡ, ಕಾದಿದ್ದ ಬೈಕುಗಳೆಲ್ಲ ಒಟ್ಟಿಗೆ ನುಗ್ಗುತ್ತವೆ.

ಹೋದ ವರ್ಷ ಒಂದು ದಿನ ಹಾಗೇ ಡ್ರೈವರ್ ಕೈ ಬೀಸಿದ, ನಾನು ತಲೆಯಾಡಿಸಿ ಗಾಡಿ ಬಿಟ್ಟೆ. ಬಸ್ಸಿನ ಮೂತಿ ದಾಟಿದ್ದೆನಷ್ಟೆ. ಬಸ್ಸನ್ನು ಹಿಂದಿಕ್ಕಲು ಆಚೆ ಪಕ್ಕದಿಂದ ಬಂದ ಇನ್ನೊಂದು ಬೈಕು ನಮ್ಮ ಹಿಂದಿನ ಚಕ್ರಕ್ಕೆ ಗುದ್ದಿತು. ನನಗೂ ಅವನಿಗೂ ತರಚು ಗಾಯ. ನನ್ನ ಹೆಂಡತಿ ಬಲಗೈ ಊರಿ ಬಿದ್ದಿದ್ದಳು.

ನಾನು ಡ್ರೈವರ್ ಮೇಲೆ ಹಾರಾಡಿದೆ. ವಯಸ್ಸಾದ ಮನುಷ್ಯ, ಇಳಿದು ಬಂದು ಅವಳಿಗೆ ನೀರು ಕೊಟ್ಟ. ಆಮೇಲೆ ಮೆಲ್ಲಗೆ, “ನಾನು ಹೋಗಿ ಅಂದಿದ್ದು ನನ್ ಗಾಡಿ ಮುಂದೆ ಸಾರ್. ಪಕ್ಕದಲ್ಲಿ ಬರೋರ್ ಗ್ಯಾರಂಟಿ ನಾನ್ ಹೆಂಗ್ ಕೊಡ್ಲಿ?” ಅಂದ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಬ್ಯಾಂಡೇಜ್ ಬಿಚ್ಚಿ, ಅವಳು ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ ಜಂಕ್ಷನ್‌ಗೆ ಸ್ವಲ್ಪ ಮೊದಲೇ ಭುಜ ತಟ್ಟಿದಳು.

“ಇಲ್ಲೇ ನಿಲ್ಸಿ. ನಾನು ನಡ್ಕೊಂಡು ದಾಟ್ತೀನಿ.”

“ನನ್ ಮೇಲೆ ನಂಬಿಕೆ ಇಲ್ವಾ?”

“ನಿಮ್ ಮೇಲಿದೆ ಕಣ್ರೀ. ನೀವು ನಂಬ್ತೀರಲ್ಲ, ಅವರ ಮೇಲಿಲ್ಲ.”

ಗಾರ್ಮೆಂಟ್ಸ್ ಹೆಂಗಸರ ಗುಂಪಿನ ಜೊತೆ ನಡೆದು ದಾಟಿದಳು. ನಾನು ಆಚೆ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದೆ. ಮುಂದೆ ದಿನಾ ಹೀಗೇ ಆಯಿತು. ಮೊದಮೊದಲು ನನಗೆ ಕೋಪ ಬರುತ್ತಿತ್ತು. ಕಾರ್ಖಾನೆಯ ಗೆಳೆಯನೊಬ್ಬ ನೋಡಿ, “ಏನ್ ಗುರು, ಅರ್ಧ ದಾರಿಗೇ ಇಳಿಸ್ಬಿಟ್ಯಾ?” ಎಂದು ರೇಗಿಸಿದ. ಕೋಪಕ್ಕಿಂತ ನಾಚಿಕೆಯೇ ಹೆಚ್ಚು ಎಂದು ಆಗ ತಿಳಿಯಿತು. ನನ್ನ ಕೆಲಸದ ಮೊದಲ ಪಾಠವನ್ನೇ ನಾನು ಕಾರ್ಖಾನೆಯ ಗೇಟಿನೊಳಗೆ ಬಿಟ್ಟು ಬಂದಿದ್ದೆ.

ಅಂದಿನಿಂದ ಯಾರು ಕೈ ಬೀಸಿದರೂ ಬಸ್ಸಿನ ಮೂತಿಯ ಹತ್ತಿರ ಎರಡೂ ಕಾಲು ಊರಿ ನಿಲ್ಲುತ್ತೇನೆ. ಕುತ್ತಿಗೆ ಚಾಚಿ ಆಚೆ ಪಕ್ಕ ನೋಡುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, “ಅಂಕಲ್, ನಿದ್ದೆ ಮಾಡ್ತಿದೀರಾ?” ಎನ್ನುತ್ತಾರೆ. ಇದನ್ನೆಲ್ಲ ಅವಳು ರಸ್ತೆ ಬದಿಯಿಂದ ದಿನಾ ನೋಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಎಂದಿನ ಜಾಗಕ್ಕೆ ಬಂದೆವು. ಅವಳು ಭುಜ ತಟ್ಟಲಿಲ್ಲ.

“ಇಳಿಯಲ್ವಾ?” ಎಂದೆ.

“ನಡೀರಿ, ನೋಡೋಣ.”

ಬಸ್ಸು ನಿಂತಿತು, ಡ್ರೈವರ್ ಕೈ ಬೀಸಿದ. ಮೂತಿಯವರೆಗೆ ಹೋಗಿ ಕಾಲು ಊರಿದೆ. ಹಿಂದೆ ಹಾರ್ನ್ ಶುರುವಾಯಿತು. ಅಷ್ಟರಲ್ಲಿ ಬಸ್ಸಿನ ಆಚೆ ಪಕ್ಕದಿಂದ ಒಂದು ಬೈಕು ನಮ್ಮ ಮುಂದಿನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಹಾದುಹೋಯಿತು.

ಅವಳ ಬಲಗೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯಿತು. ಇಳಿದೇಬಿಡುತ್ತಾಳೆ ಅಂದುಕೊಂಡೆ.

“ಇನ್ನೊಂದ್ಸಲ ನೋಡಿ,” ಅಂದಳು.

ನೋಡಿದೆ. ಆಮೇಲೆ ಇಬ್ಬರೂ ದಾಟಿದೆವು.