ಒಂಬತ್ತು ಫಾರಂ, ಐದು ಪುಟ

ಮಕ್ಕಳ ಕಾದಂಬರಿ ಬರೆಯುವವಳೆಂದು ನನ್ನನ್ನು ಎಲ್ಲಿಗೆ ಕರೆದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ನಿಮ್ ಪುಸ್ತಕಗಳಲ್ಲಿ ಯಾವಾಗ್ಲೂ ಯಾರೋ ಒಬ್ರು ನೆಲದ ಕೆಳಗಿಳಿದು ಒಂದು ಹುಡುಗೀನ ಹುಡುಕ್ತಾರಲ್ಲ, ಅದೇನದು?" ಒಬ್ಬ ಮೇಷ್ಟರಂತೂ ಅದು ಕಳೆದುಹೋದ ಬಾಲ್ಯದ ಸಂಕೇತ ಅಂತ ಅರ್ಧ ಗಂಟೆ ಕೊರೆದರು. ಸಂಕೇತವೂ ಇಲ್ಲ, ಸುಡುಗಾಡೂ ಇಲ್ಲ. ಅದು ನಾನು ಮಾಡಿದ ಎಡವಟ್ಟು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಹೆಬ್ಬಗೋಡಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಪಂಪಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಕೆಲಸ. ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪೀಸು ವಾಪಸ್. ಮೆಷಿನ್ ಹುಡುಗರು ಬೆನ್ನ ಹಿಂದೆ ನನ್ನನ್ನು ಮಾರಿ ಅನ್ನುತ್ತಿದ್ದರು, ಅನ್ನಲಿ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಬರುವ ಮುಂಚೆ ವಠಾರದ ಮೆಟ್ಟಿಲ ಮೇಲೆ ಕೂತು ಮುಕ್ಕಾಲು ಗಂಟೆ ಬರೆಯುತ್ತಿದ್ದೆ. ಹಾಗೆ ಎರಡು ವರ್ಷ ಬರೆದದ್ದು ನನ್ನ ಮೊದಲ ಕಾದಂಬರಿ.

ಪಕ್ಕದ ರೂಮಿನಲ್ಲಿ ಯಾದಗಿರಿ ಕಡೆಯವರಿದ್ದರು. ಗಂಡ ಹೆಂಡತಿ ಇಬ್ಬರಿಗೂ ಕಟ್ಟಡದ ಕೆಲಸ. ಒಬ್ಬಳೇ ಮಗಳು, ಒಂಬತ್ತೋ ಹತ್ತೋ ವರ್ಷ. ನಾನು ಬರೆಯುವಾಗ ಎರಡು ಮೆಟ್ಟಿಲು ಕೆಳಗೆ ಬಂದು ಕೂರುತ್ತಿದ್ದಳು.

"ಅಕ್ಕಾರ, ಕತಿ ಏನ್ರಿ? ನನಗ ಓದಾಕ ಕೊಡ್ರಿ."

"ಇದು ಬರೀ ಗೀಚಾಟ ಕಣೇ. ಅಚ್ಚಾಗೋವರೆಗೂ ಇದು ಕತೆ ಅಲ್ಲ. ಅಚ್ಚಾಗ್ಲಿ, ಮೊದಲ್ನೇ ಪುಸ್ತಕ ನಿಂಗೇ."

ದೊಡ್ಡ ಲೇಖಕಿಯ ಗತ್ತು ನನಗೆ. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಕತೆ ಇಷ್ಟೇ. ಒಂದು ಊರಿನ ಕೆರೆ ಮುನಿಸಿಕೊಂಡು ನೆಲದೊಳಕ್ಕೆ ಹೊರಟುಹೋಗುತ್ತದೆ. ಒಂದು ಹುಡುಗಿ ಬಿಂದಿಗೆ ಹಿಡಿದು ಕೆರೆಯಂಗಳದ ಬಿರುಕಿನಲ್ಲಿ ಇಳಿದು, ಅದನ್ನು ಹುಡುಕಿ, ರಮಿಸಿ, ಕರೆದುಕೊಂಡು ಬರುತ್ತಾಳೆ.

ಸಿಟಿಯ ಒಬ್ಬ ಪ್ರಕಾಶಕರು ಅಚ್ಚು ಹಾಕಲು ಒಪ್ಪಿದರು. ಕರಡು ತಿದ್ದಲು ಕಳಿಸಿದರು. ಆ ವಾರ ಫ್ಯಾಕ್ಟರಿಯಲ್ಲಿ ಆಡಿಟ್, ಉಸಿರಾಡಲು ಬಿಡುವಿರಲಿಲ್ಲ. ಕ್ಯಾಂಟೀನಿನಲ್ಲಿ ಒಂದು ಕೈಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಕರಡು. ನೂರು ಪೀಸಿನ ಲಾಟು ಬಂದರೆ ನಾವು ಮೇಲಿಂದ ಎರಡು, ನಡುವಿನಿಂದ ಎರಡು, ತಳದಿಂದ ಒಂದು ಎತ್ತಿ ಅಳೆಯುತ್ತೇವೆ. ಅವು ಸರಿಯಿದ್ದರೆ ಪೂರಾ ಲಾಟು ಪಾಸು. ಹತ್ತು ವರ್ಷದ ಕೈ, ಕರಡಿಗೂ ಅದನ್ನೇ ಮಾಡಿತು. ಮೇಲಿನದು ಎರಡು ಹಾಳೆ, ನಡುವಿನದು ಎರಡು ಹಾಳೆ ನೋಡಿದೆ, ಕಾಗುಣಿತ ಸರಿಯಿತ್ತು. ಕೊನೆಯ ಹಾಳೆಯ ತಳದಲ್ಲಿ 'ಮುಗಿಯಿತು' ಅಂತಿತ್ತು. ಸರಿ, ಮುಗಿದಿದೆ. ಓಕೆ ಅಂತ ಬರೆದು ಸಹಿ ಹಾಕಿ ಕಳಿಸಿಬಿಟ್ಟೆ.

ಪುಸ್ತಕ ಬಂದ ದಿನವೇ ಮಾತಿನಂತೆ ಮೊದಲ ಪ್ರತಿ ಅವಳಿಗೆ ಕೊಟ್ಟೆ. ನಾನು ಓದಲಿಲ್ಲ. ಬರೆದವಳಿಗೆ ಗೊತ್ತಿಲ್ಲವೇ ಅನ್ನುವ ಜಂಬ. ನಾಲ್ಕನೇ ದಿನ ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಅವಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅತ್ತು ಕಣ್ಣು ಊದಿದ್ದವು.

"ಬಿರುಕು ಮುಚ್ಚಿತಲ್ರಿ ಅಕ್ಕಾರ. ಆಕಿ ಹೊರಗ ಬರೂದೇ ಇಲ್ಲೇನ್ರಿ?"

"ಬರ್ತಾಳಲ್ಲೇ ಕೊನೇಲಿ, ಕೆರೆ ಸಮೇತ."

"ಎಲ್ಲಿ ಬಂದಾಳ್ರಿ? ತೋರಸ್ರಿ."

ತೋರಿಸಲು ಹೋದೆ. ಅಯ್ಯೋ ಶಿವನೇ! ಹುಡುಗಿ ನೀರು ಮುಟ್ಟುತ್ತಾಳೆ, ತಲೆಯ ಮೇಲೆ ಬಿರುಕು ಮುಚ್ಚಿಕೊಳ್ಳುತ್ತದೆ, ಅದರ ಕೆಳಗೆ 'ಮುಗಿಯಿತು'. ಅವಳು ಮೇಲೆ ಬರುವ ಐದು ಪುಟಗಳೇ ಇರಲಿಲ್ಲ.

ಆಗ ಬೇಸಿಗೆ ರಜೆ. ಊರಿನಿಂದ ಊರಿಗೆ ಬಂದವರ ಭಯ. ಅವಳ ಅವ್ವ ಬೆಳಿಗ್ಗೆ ಮಗಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ಆ ಪುಸ್ತಕವನ್ನು ಇವಳು ಬೀಗದೊಳಗೆ ಕೂತು ಓದಿದ್ದಳು.

"ನಮ್ಮವ್ವಾದ್ರ ಸಂಜಿಗಿ ಬಂದು ಬೀಗ ತಗೀತಾಳ್ರಿ. ಆಕೀಗಿ ಯಾರು ತಗೀತಾರ್ರಿ?" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಪ್ರಕಾಶಕರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವರು ತಣ್ಣಗೆ ಹೇಳಿದರು. "ಮೇಡಂ, ಹದಿನಾರು ಪುಟಕ್ಕೆ ಒಂದು ಫಾರಂ. ನಿಮ್ದು ಒಂಬತ್ತು ಫಾರಂ ಮುಗಿದು ಐದು ಪುಟ ಉಳೀತು. ಐದು ಪುಟಕ್ಕೆ ಇನ್ನೊಂದು ಫಾರಂ ಯಾರ್ ಹಾಕ್ತಾರೆ? ಮಕ್ಕಳ ಪುಸ್ತಕ ತಾನೆ, ಯಾರ್ ನೋಡ್ತಾರೆ ಬಿಡಿ. ಅದೂ ಅಲ್ದೆ ಕರಡು ಕಳ್ಸಿದ್ವಲ್ಲ? ಓಕೆ ಅಂತ ನಿಮ್ದೇ ಸೈನ್ ಇದೆ."

ಸಹಿ ಇತ್ತು. ಅದೇ ಗುಂಡು ಗುಂಡು ಓಕೆ, ದಿನಕ್ಕೆ ನೂರು ಸಲ ನಾನು ಹಾಕುವಂಥದ್ದು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಇರುವ ಪೀಸನ್ನು ಅಳೆದೂ ಅಳೆದೂ ಇಲ್ಲದ ಪೀಸು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನಂತೂ ಮೊದಲೇ ಇಲ್ಲ.

ಮರುದಿನ ಕೆಲಸಕ್ಕೆ ರಜೆ ಹಾಕಿ, ಹಸ್ತಪ್ರತಿ ಪ್ರಕಾಶಕರ ಹತ್ತಿರವೇ ಇದ್ದುದರಿಂದ ಆ ಐದು ಪುಟಗಳನ್ನು ನೆನಪಿನಿಂದ ದುಂಡಗೆ ಬರೆದೆ. ಹುಡುಗಿ ಮೇಲೆ ಬಂದಳು, ಕೆರೆ ಬಂತು, ಊರವರು ಅವಳನ್ನು ಹೊತ್ತು ಕುಣಿದರು. ಬೀಗ ತೆಗೆಯುವವರೆಗೂ ತಾಳಲಾರದೆ ಕಿಟಕಿಯ ಸರಳಿನ ಸಂದಿಯಿಂದ ಕೊಟ್ಟೆ. ಅವಳು ನಿಂತಲ್ಲೇ ಓದಿದಳು. ಓದಿ, ಹಾಳೆಗಳನ್ನು ನೀಟಾಗಿ ಮಡಚಿ ಸರಳಿನ ಸಂದಿಯಿಂದಲೇ ವಾಪಸು ಕೊಟ್ಟಳು.

"ಇದು ಗೀಚಾಟರಿ ಅಕ್ಕಾರ. ಅಚ್ಚಾಗೂತನಕ ಕತಿ ಅಲ್ಲ ಅಂತ ನೀವ ಹೇಳಿದ್ರೆಲ್ಲ."

"ಬರೆದವಳು ನಾನೇ ಕಣೇ! ನಾನೇ ಹೇಳ್ತಿದೀನಿ, ಅವ್ಳು ಬಂದ್ಲು!"

"ಪುಸ್ತಕದಾಗ ಬಂದಿಲ್ರಿ."

ಎಷ್ಟು ಹೇಳಿದರೂ ಅಷ್ಟೇ. ಎರಡನೇ ಮುದ್ರಣದಲ್ಲಿ ಸೇರಿಸಿ ಅಂತ ಪ್ರಕಾಶಕರ ಕಾಲು ಹಿಡಿಯುವುದೊಂದು ಬಾಕಿ. ಮೊದಲನೆಯದೇ ಗೋಡೌನಿನಲ್ಲಿ ಕೊಳೆಯುತ್ತಿದೆ, ಎರಡನೆಯದೆಲ್ಲಿ ಬಂತು ಅಂದರು. ಅಷ್ಟರಲ್ಲಿ ಕಟ್ಟಡ ಮುಗಿದು ಪಕ್ಕದ ರೂಮಿನವರು ಅತ್ತಿಬೆಲೆ ಕಡೆ ಹೊಸ ಕೆಲಸಕ್ಕೆ ಹೊರಟರು. ಪಾತ್ರೆ, ಹಾಸಿಗೆ ಎಲ್ಲ ಟೆಂಪೋಗೆ ಹಾಕಿದರು. ಪುಸ್ತಕವನ್ನು ಮಾತ್ರ ಅವಳು ಕೈಯಲ್ಲೇ ಹಿಡಿದುಕೊಂಡಿದ್ದಳು.

ಎರಡು ವರ್ಷದ ಮೇಲೆ ಬೇರೊಬ್ಬರು ನನ್ನ ಎರಡನೇ ಕಾದಂಬರಿ ಅಚ್ಚು ಹಾಕಿದರು. ಅದರಲ್ಲಿ ಒಬ್ಬ ಅಜ್ಜಿ ಬಿರುಕಿಗೆ ಹಾರೆ ಹಾಕಿ ಕೆಳಗಿಳಿದು ಆ ಹುಡುಗಿಯನ್ನು ಕರೆತರುತ್ತಾಳೆ. ಈ ಸಲ ಕೊನೆಯ ಪುಟದಿಂದ ಶುರುಮಾಡಿ ಒಂದಕ್ಷರ ಬಿಡದೆ ಕರಡು ನೋಡಿದೆ. ಪುಸ್ತಕ ಹಿಡಿದು ಅತ್ತಿಬೆಲೆಗೆ ಹೋಗಿ ಶೆಡ್ಡು ಶೆಡ್ಡು ಕೇಳಿದೆ. "ಯಾದಗಿರಿಯೋರಾ? ಅವ್ರು ಓಗಿ ವರ್ಸ ಆಯ್ತಲ್ಲಕ್ಕ. ಎಲ್ಲೋದ್ರೋ ಯಾರಿಗ್ಗೊತ್ತು?" ಅಂದ ಅಲ್ಲಿನ ವಾಚ್‌ಮನ್.

ಅಲ್ಲಿಂದಾಚೆ ಪ್ರತಿ ಪುಸ್ತಕದಲ್ಲೂ ಯಾರನ್ನಾದರೂ ಕೆಳಗಿಳಿಸಿ ಆ ಹುಡುಗಿಯನ್ನು ಹೊರಗೆ ತರುತ್ತಲೇ ಇದ್ದೇನೆ, ಯಾವ ಊರಿನ ಲೈಬ್ರರಿಯಲ್ಲಾದರೂ ಒಂದು ಆ ಪಕ್ಕದ ರೂಮಿನವಳ ಕೈಗೆ ಬೀಳಲಿ ಅಂತ. ಎಲ್ಲವೂ ಅಚ್ಚಾಗಿವೆ. ಅವಳ ಹತ್ತಿರ ಇರುವುದು ಮಾತ್ರ ಮೊದಲನೆಯದು.