ಅಪ್ಪನ ದ್ರಾಕ್ಷಾಸವ

ಶಿಕಾರಿಪುರದಲ್ಲಿ ನಮ್ಮಪ್ಪ ಪಂಡಿತರು. ಅವರ ಗುಳಿಗೆ, ಚೂರ್ಣಗಳಿಗಿಂತ ದ್ರಾಕ್ಷಾಸವಕ್ಕೇ ಊರಲ್ಲಿ ಹೆಚ್ಚು ಮರ್ಯಾದೆ. ಒಣದ್ರಾಕ್ಷಿ ಕುದಿಸಿ ಬಸಿದ ನೀರಿಗೆ ಬೆಲ್ಲ, ಏಲಕ್ಕಿ, ಬಂದಳಿಕೆ ಕಡೆಯ ಕಾಡಿನಿಂದ ತರಿಸಿದ ಧಾತಕಿ ಹೂವು ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಭತ್ತದ ಕಣಜದೊಳಗೆ ಹೂತಿಡುತ್ತಿದ್ದರು. ಹದಕ್ಕೆ ಬಂದ ಮೇಲೆ ಸೋಸಿ, ಪ್ರತಿ ವರ್ಷದ್ದೂ ಒಂದು ಭರಣಿಯನ್ನು ಯಾರಿಗೂ ಕೊಡದೆ ಕತ್ತಲೆ ಕೋಣೆಯಲ್ಲಿ ಎತ್ತಿಡುವುದು ಮನೆಯ ಪದ್ಧತಿ. ಅದರ ಮೇಲೆ ಸುಣ್ಣದಲ್ಲಿ ಆ ಸಂವತ್ಸರದ ಹೆಸರು. ಹಳೆಯದಾದಷ್ಟೂ ಗುಣ ಹೆಚ್ಚು ಎಂದು ಅಪ್ಪ ನಂಬಿದ್ದರು. ನಾವೂ ನಂಬಿದ್ದೆವು.

ಐವತ್ತರ ದಶಕ ಮುಗಿಯುತ್ತಿತ್ತು. ವಿಕಾರಿ ಸಂವತ್ಸರದ ಕಾರಹುಣ್ಣಿಮೆಯ ಹೊತ್ತಿಗೆ ನನ್ನ ಒಬ್ಬನೇ ತಮ್ಮನಿಗೆ ಕ್ಷಯ ಎಂದು ಗೊತ್ತಾಯಿತು. ನನ್ನನ್ನು ಸೊರಬಕ್ಕೆ ಕೊಟ್ಟಿದ್ದರು. ಸುದ್ದಿ ಬಂದ ದಿನವೇ ಬಸ್ಸು ಹತ್ತಿದೆ. ಸೊರಬದಲ್ಲಿ ನಮ್ಮ ಎದುರುಮನೆಯ ಹೆಂಗಸು ಇದೇ ಕಾಯಿಲೆಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಎದ್ದು ಬಂದು, ಈಗ ಒನಕೆ ಹಿಡಿದು ಖಾರ ಕುಟ್ಟುತ್ತಿದ್ದಳು. ಅಪ್ಪನಿಗೆ ಅದನ್ನೇ ಹೇಳಿದೆ.

"ಆಸ್ಪತ್ರೆ ಎಲ್ಲಿಗೆ ಓಡಿ ಹೋಗ್ತೈತವ್ವಾ. ಮೊದ್ಲು ಇದನ್ನ ಕೊಟ್ಟು ನೋಡಾಣ" ಎಂದು ಅಪ್ಪ ಹೇವಿಳಂಬಿಯ ಭರಣಿ ಬಿಚ್ಚಿದರು.

ಮದ್ದು ಕೊಡುವವರು ಮೊದಲು ತಾವು ರುಚಿ ನೋಡಬೇಕು, ಅದೂ ಪದ್ಧತಿಯೇ. ಅಪ್ಪ ನೋಡಿ ನನಗೂ ಒಂದು ಗುಟುಕು ಕೊಟ್ಟರು, ಆಮೇಲೆ ತಮ್ಮನಿಗೆ, ಮದ್ದು ಹಾಕಲು ಅವನಿಗೆಂದೇ ಬೇರೆ ಇಟ್ಟಿದ್ದ ಒಳಲೆಯಲ್ಲಿ. ಎರಡು ವರ್ಷದ್ದಾದರೂ ಬೆಲ್ಲದ ಸಿಹಿ ಇನ್ನೂ ಮುಂದಾಗಿತ್ತು, ಗಂಟಲಿಗೆ ಹತ್ತುತ್ತಿತ್ತು. ಕೆಮ್ಮು ನಿಲ್ಲಲಿಲ್ಲ. ಅಪ್ಪ ಐದು ವರ್ಷ ಹಿಂದಿನ ಜಯ ಸಂವತ್ಸರದ್ದನ್ನು ತೆಗೆದರು. ಅದರಲ್ಲಿ ಸಿಹಿ ಒಳಗೆ ಸರಿದು ಹೂವಿನ ಒಗರು ಮೇಲೆ ಬಂದಿತ್ತು. ತಮ್ಮ ಆ ಹೊತ್ತಿಗೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದ. ಅಪ್ಪ ಇನ್ನೂ ಹಿಂದಕ್ಕೆ, ಹನ್ನೊಂದು ವರ್ಷದ ಸರ್ವಧಾರಿಗೆ ಹೋದರು. ಡಿಕಾಕ್ಷನ್ನಿನಂಥ ಗಾಢ ಬಣ್ಣ. ನುಂಗಿದ ಮೇಲೂ ಎಷ್ಟೋ ಹೊತ್ತು ಬಾಯಲ್ಲಿ ಏಲಕ್ಕಿಯ ಬಿಸಿ.

"ಅಕ್ಕಾ, ಇದು ಬಾಳ ಚಲೋ ಐತಿ" ಎಂದ ತಮ್ಮ. "ನನ್ ಮೈಯಾಗಿರೋದಕ್ಕಿಂತ ಇದ್ರಾಗೇ ರಕ್ತ ಜಾಸ್ತಿ ಐತಿ."

ನಗಲು ಹೋಗಿ ಕೆಮ್ಮಿದ. ಬಟ್ಟೆಯ ಮೇಲೆ ಬಿದ್ದದ್ದು ಆಸವವೋ ರಕ್ತವೋ ಎಂದು ನಾನು ಬೆಳಕಿಗೆ ಹಿಡಿದು ನೋಡಬೇಕಾಯಿತು. ರಕ್ತವೇ. ನನಗೆ ಸಿಟ್ಟು ನೆತ್ತಿಗೇರಿತು.

"ಅಪ್ಪಾ, ಭರಣಿ ರುಚಿ ನೋಡಿದ್ದು ಸಾಕ್ರಿ. ಅವನ ಮೈ ಮುಟ್ಟಿ ನೋಡ್ರಿ. ನಾಳೆ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಾಣ."

"ನೀನೂ ಕುಡ್ದು ನೋಡಿದ್ಯಲ್ಲ. ಒಂದಕ್ಕಿಂತ ಒಂದು ಏರ್ತಾನೇ ಐತಿ. ಹಿಂದಿಂದು ಇನ್ನೂ ಚಲೋ ಇರ್ತೈತಿ."

ಸುಳ್ಳಲ್ಲ, ಏರುತ್ತಲೇ ಇತ್ತು. ಇಳಿಯುತ್ತಿದ್ದವನು ತಮ್ಮ. ನಾನು ಬೇಡಿದೆ, ಅತ್ತು ಕರೆದೆ, ಊಟ ಬಿಟ್ಟೆ. ತಮ್ಮನನ್ನೇ ಕೇಳಿದರೆ ಅವನೂ "ಅಪ್ಪ ಹೇಳ್ದಂಗೆ ಆಗ್ಲಿ ಅಕ್ಕಾ" ಎಂದ.

ಕೊನೆಗೆ ತೆಗೆದದ್ದು ಎಲ್ಲಕ್ಕಿಂತ ಹಳೆಯದಾದ ಪ್ರಮಾಥಿ, ಅವನು ಹುಟ್ಟಿದ ವರ್ಷದ್ದು. ಅವನ ಮದುವೆಯಲ್ಲಿ ಬೀಗರಿಗೆ ಕೊಡಲೆಂದು ಇಟ್ಟದ್ದು. ಇಪ್ಪತ್ತು ವರ್ಷಕ್ಕೆ ಭರಣಿಯಲ್ಲಿ ಅರ್ಧ ಇಂಗಿತ್ತು. ಅಪ್ಪ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಗಲ್ಲದ ಮೇಲೆ ನೀರಿಳಿಯಿತು.

"ಇದ್ರಾಗೆ ಎದ್ದು ಕೂಡ್ತಾನ ನೋಡು" ಎಂದರು.

ನಾನೂ ಕುಡಿದೆ. ಸಿಹಿ, ಒಗರು, ಖಾರ ಯಾವುದನ್ನೂ ಬೇರೆ ಮಾಡಿ ಹೇಳುವಂತಿರಲಿಲ್ಲ. ಅಂಥದ್ದನ್ನು ನಾನು ಆಮೇಲೆ ಎಲ್ಲೂ ಕುಡಿದಿಲ್ಲ. ಆ ಗುಟುಕು ಒಳಗಿಳಿಯುವಾಗ, ನಾಚಿಕೆಯಿಲ್ಲದೆ, ನನಗೂ ಬದುಕಿಯಾನು ಎನಿಸಿತು. ತಮ್ಮನಿಗೆ ನುಂಗಲಾಗಲಿಲ್ಲ. ಒಳಲೆಯಿಂದ ಬಿಟ್ಟದ್ದು ತುಟಿಯಂಚಿನಿಂದ ದಿಂಬಿಗೆ ಇಳಿಯಿತು. ದೀಪಾವಳಿಗೆ ಅವನಿರಲಿಲ್ಲ.

ಅಪ್ಪ ಮತ್ತೆ ಕಣಜಕ್ಕೆ ಭರಣಿ ಇಳಿಸಲಿಲ್ಲ. ಜಡೆ, ಕುಪ್ಪಗಡ್ಡೆಯಂಥ ಊರುಗಳಿಂದ ಮದ್ದಿಗೆ ಬರುತ್ತಿದ್ದವರು ಪಂಡಿತರ ಕೈಗುಣ ಇನ್ನೆಲ್ಲಿ ಎಂದು ಕೊರಗಿ ಹೋಗುತ್ತಿದ್ದರು. ಒಂದೇ ಒಂದು ಭರಣಿ ಹುಳಿಯಾಗಿದ್ದರೆ, ಬೂಸಲು ಹಿಡಿದಿದ್ದರೆ, ಅಪ್ಪ ಅದನ್ನು ಹಿತ್ತಲಿಗೆ ಚೆಲ್ಲಿ ಮಗನನ್ನು ಬಸ್ಸು ಹತ್ತಿಸುತ್ತಿದ್ದರು. ಒಂದೂ ಕೆಟ್ಟಿರಲಿಲ್ಲ.