ಬೀಗ ಹಾಕಿದ ಪ್ರೆಸ್ಸು

ಸರ್ಕಾರಿ ಪ್ರೆಸ್ಸಿನ ಬೈಂಡರ್‌ಗೆ ಜೊತೆಯವರು ಇಟ್ಟ ಹೆಸರು ಬೀಗಣ್ಣ. ಪುಣ್ಯಾತ್ಮ ಒಳಗಿನ ಸುದ್ದಿ ಬಾಯಿಬಿಟ್ಟದ್ದನ್ನು ಕಂಡವರಿಲ್ಲ. ಬಜೆಟ್ ಪುಸ್ತಕ ಅಚ್ಚಾಗುವ ಹನ್ನೊಂದು ದಿನ ಕೆಲಸಗಾರರನ್ನೆಲ್ಲ ಒಳಗೇ ಕೂಡಿಹಾಕುತ್ತಾರೆ. ಊಟ, ನಿದ್ದೆ, ಸ್ನಾನ ಎಲ್ಲ ಅಲ್ಲೇ. ಅವರ ಫೋನುಗಳು ಅಧಿಕಾರಿಯ ಪೆಟ್ಟಿಗೆಯಲ್ಲಿ. ಗುಟ್ಟು ಹೊರಬೀಳಬಾರದಲ್ಲ! ಇಪ್ಪತ್ತಾರು ಬಜೆಟ್‌ಗಳನ್ನು ಅವನು ಮಡಿಸಿ, ಹೊಲಿದು, ಅಂಟು ಹಚ್ಚಿ ಕಳಿಸಿದ್ದ. ಒಂದನ್ನೂ ಓದಿರಲಿಲ್ಲ. ದೊಡ್ಡವರ ವಿಷಯ ನಮಗ್ಯಾಕೆ ಎನ್ನುವ ಆಸಾಮಿ.

ಈ ಸಲ ಒಳಗೆ ಹೋಗುವ ಬೆಳಿಗ್ಗೆ ಹೆಂಡತಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ಹದಿನಾಲ್ಕು ವರ್ಷದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ನೆಲ ಒರೆಸುವ ದಿನಗೂಲಿ ಕೆಲಸ ಅವಳದು.

"ಯಾವ ಸುಖಕ್ಕೆ ಮಂಡಿ ಸವೆಸ್ತೀಯ? ಕೆಲಸ ಬಿಡ್ತೀನಿ ಅಂತ ಬರ್ಕೊಟ್ಟು ಬಾ," ಎಂದು ಗದರಿದ.

"ಆಯ್ತು ಬಿಡ್ರೀ, ನೀವು ಬರೋಷ್ಟರಲ್ಲಿ ಬರ್ಕೊಡ್ತೀನಿ."

ಏಳನೆಯ ದಿನ ಒಂದು ಹಾಳೆಯ ಮಡಿಕೆ ಓರೆಯಾಯಿತು. ಸರಿಮಾಡಲು ಬಗ್ಗಿದವನ ಕಣ್ಣಿಗೆ 'ಆಸ್ಪತ್ರೆ' ಎಂಬ ಪದ ಬಿತ್ತು. ಎಂದೂ ಓದದವನು ಓದಿಬಿಟ್ಟ. ಹತ್ತು ವರ್ಷ ದುಡಿದ ದಿನಗೂಲಿಗಳೆಲ್ಲ ಕಾಯಂ, ಆಮೇಲೆ ಪಿಂಚಣಿ. ಆದರೆ ಬಜೆಟ್ ಓದುವ ದಿನ ಕೆಲಸದಲ್ಲಿರಬೇಕು. ಹೆಂಡತಿ ಬರ್ಕೊಡ್ತೀನಿ ಅಂದದ್ದು ನೆನಪಾಯಿತು.

ಒಳಗಿದ್ದವರಿಗೆ ಒಮ್ಮೆ ಮಾತ್ರ, ಒಂದು ನಿಮಿಷ, ಮನೆಗೆ ಫೋನು ಮಾಡಲು ಬಿಡುತ್ತಿದ್ದರು. ಅಧಿಕಾರಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಒಂಬತ್ತನೆಯ ದಿನ ಇವನ ಸರದಿ ಬಂತು. ಸದ್ಯಕ್ಕೆ ಕೆಲಸ ಬಿಡಬೇಡ ಕಣೇ ಎಂದರೆ ಮುಗಿದಿತ್ತು. ಯಾವ ಗಂಡನೂ ಯಾವ ಹೆಂಡತಿಗೂ ಹೇಳಬಹುದಾದ ಮಾತು. ಯಾಕೆ ಅಂತ ಅವಳು ಕೇಳಿಬಿಟ್ಟರೆ? ಅಧಿಕಾರಿಯ ಕಿವಿ ನಿಮಿರಿದರೆ? ಇಪ್ಪತ್ತಾರು ವರ್ಷ ಕಾಪಾಡಿಕೊಂಡ ಹೆಸರು ನೀರುಪಾಲಾಗದೇ?

"ಊಟ ಆಯ್ತಾ?" ಎಂದ.

"ಆಯ್ತು. ನಿಮ್ದು?"

"ಆಯ್ತು."

ಅಧಿಕಾರಿ ಬೆನ್ನು ತಟ್ಟಿ, "ನಿನ್ನಂಥೋರು ಇರ್ಬೇಕಪ್ಪ," ಎಂದ. ಆ ಹೊಗಳಿಕೆಗೆ ನಮ್ಮ ಬೀಗಣ್ಣ ಹಲ್ಲು ಕಿರಿದ ಕೂಡ. ಥೂ!

ಬಜೆಟ್ ಓದಿ ಮುಗಿದ ಮೇಲೆ ಪ್ರೆಸ್ಸಿನ ಬಾಗಿಲು ತೆರೆಯಿತು. ದಾರಿಯುದ್ದಕ್ಕೂ, ಅವಳು ಬರೆದುಕೊಟ್ಟಿರದಿರಲಿ ದೇವರೇ ಎನ್ನುತ್ತ ಏದುಸಿರು ಬಿಡುತ್ತ ಬಂದ. ಮನೆಯಲ್ಲಿ ಟೀವಿ ಹಾಡುಹಗಲಲ್ಲೇ ಕಾಯಂ, ಪಿಂಚಣಿ ಎಂದು ಅರಚುತ್ತಿತ್ತು. ಹೆಂಡತಿ ಅದರ ಮುಂದೆ ಎರಡೂ ಮಂಡಿ ಹಿಡಿದು ಕೂತಿದ್ದಳು.

"ನಿನ್ನೇನೇ ಬರ್ಕೊಟ್ಟೆ ಕಣ್ರೀ. ನೀವು ಬರೋ ಹೊತ್ತಿಗೆ ಮನೇಲಿರೋಣ ಅಂತ."

ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಅವಳು ಅವನ ಮುಖವನ್ನೇ ನೋಡಿದಳು.

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಹೂಂ."

"ಫೋನ್ ಮಾಡಿದಾಗ?"

"ಆಗ್ಲೂ ಗೊತ್ತಿತ್ತು."

ಅವಳು ಟೀವಿ ಆರಿಸಿದಳು.

"ಊಟ ಆಯ್ತಾ ಅಂತ ಕೇಳಿದ್ರಲ್ಲ," ಎಂದಳು.